ಬುಡವನ್ನಳೆಯುವ ಮುನ್ನ ನೆತ್ತಿ

ಪೈನ್ ಮರದ ಬೆಳವಣಿಗೆಯನ್ನು ಅರಿಯಬೇಕೆನ್ನುವವನು ಕಾಂಡಕ್ಕೆ ಅಳತೆಪಟ್ಟಿ ಸುತ್ತುವುದಕ್ಕೆ ಮೊದಲು ಕತ್ತೆತ್ತಿ ಅದರ ನೆತ್ತಿಯನ್ನು ನೋಡಬೇಕೆಂಬುದು, ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದ ಲಾಬ್ಲಾಲಿ ಪೈನ್ ನೆಡುತೋಪುಗಳಲ್ಲಿ ಅಳತೆಗಾರನಾಗಿ ಅಲೆದ ಕಾಲದಲ್ಲಿ ನಾನು ಕಲಿತುದರಲ್ಲೆಲ್ಲ ಮುಖ್ಯವಾದುದು. ಸಾಲು ಹಿಡಿದು ನೆಟ್ಟ ಸಸಿಗಳು ಹದಿನೈದು ವರ್ಷದ ಆಸುಪಾಸಿಗೆ ಬರುವಷ್ಟರಲ್ಲಿ ಕೊಂಬೆಗೆ ಕೊಂಬೆ ತಾಗಿ, ಬೆಳಕು ಕಾಣದ ಕೆಳಗೊಂಬೆಗಳು ಒಣಗತೊಡಗುತ್ತವೆ. ಜೀವಂತವಾದ ಹಸುರು ಮರದೆತ್ತರದ ಮೂರನೆಯ ಒಂದು ಪಾಲಿಗೆ ಇಳಿಯುವ ಮುನ್ನವೇ ತೋಪನ್ನು ವಿರಳಗೊಳಿಸಬೇಕು. ಯಂತ್ರಗಳ ಓಡಾಟಕ್ಕೆಂದು ಐದು ಸಾಲಿಗೊಂದನ್ನು ಪೂರ್ತಿ ಕಡಿದು, ಉಳಿದವುಗಳಲ್ಲಿ ಡೊಂಕಾದುದನ್ನೂ ರೋಗ ಹಿಡಿದುದನ್ನೂ ಆಯ್ದು ತೆಗೆಯುವುದುಂಟು. ಇದರಿಂದ ವನದ ಒಟ್ಟು ಮರಮುಟ್ಟು ಹೆಚ್ಚುವುದಿಲ್ಲ, ಎತ್ತರವೂ ಅಷ್ಟಾಗಿ ಬದಲಾಗದು. ಹಲವಕ್ಕೆ ಹಂಚಿಹೋಗುತ್ತಿದ್ದ ಬೆಳಕು, ನೀರು, ಸಾರಗಳು ಕೆಲವಕ್ಕೇ ದಕ್ಕಿ, ಕಾಗದದ ಕಾರ್ಖಾನೆಗೆ ಹೋಗಬೇಕಾದ ಮರ ದಪ್ಪವಾಗಿ ಗರಗಸದ ಗಿರಣಿಗೆ ಸಲ್ಲುತ್ತದೆ.

ಗೊಬ್ಬರದ ಪ್ರಭಾವ ಬೇರೆ ಬಗೆಯದು. ಹೆಲಿಕಾಪ್ಟರಿನಿಂದ ಸುರಿಯುವುದಾದರೂ ಅದು ನಮ್ಮ ಮಂಡ್ಯದ ರೈತನು ಗದ್ದೆಗೆ ಎರಚುವ ಯೂರಿಯಾ ಮತ್ತು ಡಿ.ಎ.ಪಿ.ಯೇ, ಎಕರೆಗೆ ಸುಮಾರು 200 ಪೌಂಡು ಸಾರಜನಕ, 25 ಪೌಂಡು ರಂಜಕ ಬೀಳುವಂತೆ ಲೆಕ್ಕ. ಸೆಕೆಯಲ್ಲಿ ಯೂರಿಯಾ ಅಮೋನಿಯವಾಗಿ ಹಾರಿಹೋಗುವುದರಿಂದ ಚಳಿಗಾಲವೇ ಪ್ರಶಸ್ತ. ಮುಂದಿನ ವಸಂತದಲ್ಲಿ ಮೂರು ಮೂರಾಗಿ ಹೊಮ್ಮುವ ಸೂಜಿಯೆಲೆಗಳು ನೀಳವೂ ಗಾಢಹಸುರೂ ಆಗುತ್ತವೆ; ಕಾಂಡಕ್ಕೆ ಈ ಸುದ್ದಿ ಪೂರ್ತಿಯಾಗಿ ಮುಟ್ಟಲು ಇನ್ನೂ ಒಂದೆರಡು ವರ್ಷ ಬೇಕು. ಟೊಳ್ಳು ಬೈರಿಗೆಯನ್ನು ತಿರುಗಿಸಿ ಹೊರತೆಗೆದ, ರಾಳದಿಂದ ಅಂಟಂಟಾದ, ಪೆನ್ಸಿಲಿಗಿಂತ ಸಣ್ಣ ಕಡ್ಡಿಯನ್ನು ಅಂಗೈಯಲ್ಲಿಟ್ಟು ನೋಡಿದರೆ, ಒತ್ತೊತ್ತಾಗಿದ್ದ ಕಪ್ಪುಗೆರೆಗಳ ನಡುವೆ ತಿಳಿಬಣ್ಣದ ಮರ ಅಗಲವಾಗುತ್ತ ಬಂದಿರುವುದು ಕಾಣುತ್ತದೆ. ಇದೇ ಸಂಸ್ಥಾನದ ಸ್ಕಾಟ್ಲೆಂಡ್ ಕೌಂಟಿಯ ಮರಳುನೆಲದಲ್ಲಿ 1992ರಲ್ಲಿ ಆರಂಭವಾದ ಪ್ರಯೋಗದಲ್ಲಿ, ನೀರುಣಿಸಿದ ಮರಗಳಿಗಿಂತ ಗೊಬ್ಬರವುಂಡ ಮರಗಳು ಬಹಳ ಮುಂದೆ ಹೋದುವು. ಮರಳೆಂದರೆ ನೀರಿನ ಕೊರತೆಯೆಂದೇ ಎಣಿಸುವ ಬಯಲುಸೀಮೆಯವನಾದ ನನಗೆ ಇದನ್ನು ಒಪ್ಪಲು ತುಸು ಕಾಲ ಹಿಡಿಯಿತು.

ಇಕ್ಕಟ್ಟಾದ ತೋಪಿಗೇ ಗೊಬ್ಬರ ಸುರಿದರೆ ಪೈಪೋಟಿ ಬಲಿತು, ಸೊರಗಿದ ಮರಗಳು ಬೇಗ ಸಾಯುತ್ತವೆ. ಅಡಿಯಲ್ಲಿ ಸ್ವೀಟ್‌ಗಮ್ ಪೊದೆಯಿದ್ದರೆ ಸಾರದಲ್ಲಿ ಅದೂ ಪಾಲು ಕೇಳುತ್ತದೆ. ಆದ್ದರಿಂದ ಎರಡಕ್ಕೂ ಹಣ ಸಾಲದ ಮಾಲೀಕನು ಬಂದು ಕೇಳಿದಾಗ, ಮೊದಲು ಕಡಿಸಿರಿ, ಕಡಿದ ಮರದ ದುಡ್ಡಿನಿಂದ ಗೊಬ್ಬರ ಹಾಕಿಸಿರಿ ಎನ್ನುವುದು ನನ್ನ ರೂಢಿ. ಆದರೆ ಒಮ್ಮೆಗೇ ಅತಿಯಾಗಿ ಬಯಲುಮಾಡಿದ ತೋಪಿನ ಸಣಕಲು ಮರಗಳು ಚಳಿಗಾಲದ ಹಿಮಲೇಪದ ಭಾರಕ್ಕೆ ಬಾಗಿ ಮುರಿಯುವುದನ್ನು ಕಂಡಿರುವುದರಿಂದ, ಕಡಿಯುವ ಗುತ್ತಿಗೆದಾರನ ಉತ್ಸಾಹಕ್ಕೆ ಲಗಾಮು ಹಾಕಿರಿ ಎಂದೂ ಸೇರಿಸುತ್ತೇನೆ.