ಆಟ ಯಾವ ಊರಿಗೆ ಬರಬೇಕು?

ಸಂಜೆ ಏಳು ಗಂಟೆ. ಶಿರವಾಳದ ಕಲಿಕಾ ಕೇಂದ್ರದಲ್ಲಿ ಹೆಣ್ಣುಮಕ್ಕಳು ಕೂಡಿದ್ದಾರೆ. ಕೆಲವರು ರೊಟ್ಟಿ ಬಡಿದು ಬಂದಿದ್ದಾರೆ. ಕೆಲವರು ಮಗಳನ್ನು ಒಲೆಯ ಮುಂದೆ ಕೂರಿಸಿ ಬಂದಿದ್ದಾರೆ. ಪ್ರೇರಕಿ ಪತ್ರಿಕೆ ಬಿಡಿಸಿ ಒಂದು ಸುದ್ದಿ ಓದಿದಳು.

2030ರಲ್ಲಿ ಕಾಮನ್‌ವೆಲ್ತ್ ಆಟಗಳು ನಮ್ಮ ದೇಶದಲ್ಲಿ ನಡೆಯುತ್ತವೆ. ಗುಜರಾತಿನ ಅಹಮದಾಬಾದ್ ನಗರವನ್ನು ಅದಕ್ಕೆ ಆರಿಸಿದ್ದಾರೆ. 2025ರ ನವೆಂಬರ್ 26ರಂದು ಈ ತೀರ್ಮಾನ ಆಯಿತು.

ಕಾಮನ್‌ವೆಲ್ತ್ ಅಂದರೆ ಏನು? ಅದು ದೇಶಗಳ ಒಂದು ಒಕ್ಕೂಟ. ಹಿಂದೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ದೇಶಗಳೇ ಅದರಲ್ಲಿ ಹೆಚ್ಚು. ಈ ದೇಶಗಳ ಆಟಗಾರರು ನಾಲ್ಕು ವರ್ಷಕ್ಕೊಮ್ಮೆ ಒಂದು ಊರಿನಲ್ಲಿ ಕೂಡುತ್ತಾರೆ. ಓಡುತ್ತಾರೆ, ಈಜುತ್ತಾರೆ, ಭಾರ ಎತ್ತುತ್ತಾರೆ. ಮೊದಲ ಸಲ ಕೂಡಿದ್ದು 1930ರಲ್ಲಿ, ಕೆನಡಾ ದೇಶದಲ್ಲಿ.

"ಅಹಮದಾಬಾದಿಗ್ಯಾಕ? ನಮ್ಮ ಬೆಂಗಳೂರೇನು ಕಮ್ಮಿ ಅದ?" ಎಂದಳು ಒಬ್ಬಾಕೆ. ಆಕೆಯ ಮಗಳು ಸಾಲೆಯಲ್ಲಿ ಖೋಖೋ ಆಡುತ್ತಾಳೆ.

ಪ್ರೇರಕಿ ನಕ್ಕಳು. "ಹಂಗಾದ್ರ ಇವತ್ತು ಇದೇ ಪಾಠ. ಇಂಥಾ ಆಟ ಬೆಂಗಳೂರಿಗೆ ಬರಬೇಕೋ ಬ್ಯಾಡೋ? ಮಾತಾಡ್ರಿ."

ಖೋಖೋ ಹುಡುಗಿಯ ತಾಯಿ ಮೊದಲು ಮಾತಾಡಿದಳು. "ಬರಬೇಕು. ನಮ್ಮ ಮಕ್ಕಳು ನೋಡಿದ್ರ ತಾನೇ ಆಡ್ತಾರ."

ಆಕೆಯ ಮಾತಿನಲ್ಲಿ ಹುರುಳಿದೆ. 2010ರಲ್ಲಿ ಈ ಆಟಗಳು ದೆಹಲಿಯಲ್ಲಿ ನಡೆದವು. ಆಗ ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆ ಬ್ಯಾಡ್ಮಿಂಟನ್ ಆಡಿ ಚಿನ್ನದ ಪದಕ ಗೆದ್ದರು. ನಮ್ಮದೇ ದೇಶದ ನೆಲ, ನಮ್ಮದೇ ಜನರ ಚಪ್ಪಾಳೆ. ಅದನ್ನು ಟಿ.ವಿ.ಯಲ್ಲಿ ನೋಡಿದ ಎಷ್ಟೋ ಹುಡುಗಿಯರು ಹಿಗ್ಗಿರಬೇಕು.

ಬೆಂಗಳೂರಿಗೂ ದೊಡ್ಡ ಆಟ ಹೊಸದಲ್ಲ. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಅಲ್ಲಿ ನಡೆಯಿತು. ಎಲ್ಲಾ ರಾಜ್ಯಗಳ ಆಟಗಾರರು ಬಂದಿದ್ದರು. ಅವರು ಇಳಿದುಕೊಳ್ಳಲು ಕೋರಮಂಗಲದಲ್ಲಿ ದೊಡ್ಡ ದೊಡ್ಡ ಮನೆಗಳನ್ನು ಕಟ್ಟಿದರು. ಒಳಾಂಗಣ ಕ್ರೀಡಾಂಗಣ ಕಟ್ಟಿದರು. ಆಟ ಮುಗಿದ ಮೇಲೆ ಮನೆಗಳು ಮಾರಾಟವಾದವು. ಕ್ರೀಡಾಂಗಣ ಈಗಲೂ ಇದೆ.

"ಅಷ್ಟು ಜಾಗ ಎಲ್ಲಿಂದ ಬಂತು?" ಎಂದು ಒಬ್ಬ ಅಜ್ಜಿ ಕೇಳಿದಳು. ಹೊಲ ಉತ್ತವರಿಗೆ ಈ ಪ್ರಶ್ನೆ ಮೊದಲು ಹೊಳೆಯುತ್ತದೆ.

ಬೆಂಗಳೂರಿನಲ್ಲಿ ಬಹಳ ಜಾಗ ಕೆರೆಗಳಿಂದಲೇ ಬಂತು. ಊರ ನಡುವೆ ಸಂಪಂಗಿ ಕೆರೆ ಇತ್ತು. ಈಗ ಅಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಕರಗದ ಪೂಜೆಗೆಂದು ಒಂದು ಸಣ್ಣ ಹೊಂಡ ಮಾತ್ರ ಉಳಿದಿದೆ. ಹಾಕಿ ಆಡುವ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗ. ಕೆರೆ ಮುಚ್ಚಿದ ಊರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ಅದನ್ನು ಪಂಪಿನಿಂದ ಮೇಲಕ್ಕೆ ಎತ್ತಿ ತರಬೇಕು. 2024ರ ಬೇಸಿಗೆಯಲ್ಲಿ ಅಲ್ಲಿ ಎಷ್ಟೋ ಕೊಳವೆಬಾವಿ ಬತ್ತಿದವು. ಟ್ಯಾಂಕರ್ ನೀರಿಗೆ ಜನ ಪರದಾಡಿದರು.

"ಬೀಗರನ್ನ ಕರದು ಕುಡ್ಯಾಕ ನೀರಿಲ್ಲಂದ್ರ ಹ್ಯಾಂಗ?" ಎಂದಳು ಅಜ್ಜಿ. ಎಲ್ಲರೂ ನಕ್ಕರು.

ಬೀಗರ ಮಾತು ಬಂದ ಮೇಲೆ ಸಾಲದ ಮಾತು ಬರಲೇಬೇಕು. ಕೆನಡಾದ ಮಾಂಟ್ರಿಯಲ್ ಎಂಬ ನಗರ 1976ರಲ್ಲಿ ಒಲಿಂಪಿಕ್ ಆಟ ನಡೆಸಿತು. ಅದರ ಸಾಲ ತೀರಿದ್ದು 2006ರಲ್ಲಿ. ಅಂದರೆ ಆಟ ಕೆಲವೇ ದಿನ, ಸಾಲ ಮೂವತ್ತು ವರ್ಷ! ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಜಾಣತನ ಮಾಡಿತು. 2026ರ ಕಾಮನ್‌ವೆಲ್ತ್ ಆಟ ನಡೆಸುತ್ತೇವೆ ಎಂದು ಮೊದಲು ಒಪ್ಪಿಕೊಂಡಿತ್ತು. ಖರ್ಚು ಏರುತ್ತಾ ಹೋದದ್ದು ನೋಡಿ 2023ರಲ್ಲಿ ಬೇಡ ಎಂದಿತು. ಒಪ್ಪಿದ ಮೇಲೂ ಬೇಡ ಎನ್ನಬಹುದು, ನೋಡಿರಿ. ಆ ಆಟ ಗ್ಲಾಸ್ಗೋ ನಗರದ ಪಾಲಾಯಿತು.

ಇಷ್ಟು ಹೊತ್ತು ಮೂಲೆಯಲ್ಲಿ ಒಬ್ಬಾಕೆ ಸುಮ್ಮನೆ ಕೂತಿದ್ದಳು. ಮಳೆ ಹೋದ ವರ್ಷ ಆಕೆ ಗಂಡನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಳು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ, ತಗಡಿನ ಶೆಡ್ಡಿನಲ್ಲಿ ಇದ್ದು, ಇಟ್ಟಿಗೆ ಹೊತ್ತು ಬಂದವಳು.

"ಆಡೋರ ಮಾತಾತು, ನೋಡೋರ ಮಾತಾತು. ಕಟ್ಟೋರ ಮಾತು ಯಾರೂ ಆಡವಲ್ಲರಿ," ಎಂದಳು. "ಬೆಂಗಳೂರಾಗ ಆಟ ಬಂದ್ರ ಕಟ್ಟಾಕ ಹೋಗೋರು ನಾವೇ. ಹೋದ ಸಲ ಪ್ರತಿ ವಾರ ಪುಸ್ತಕದಾಗ ಹೆಬ್ಬಟ್ಟು ಒತ್ತೀನಿ. ಅದರಾಗ ಎಷ್ಟು ಬರದಿದ್ರೋ, ನನ್ನ ಕೈಗಿ ಎಷ್ಟು ಬಂತೋ, ದೇವರಿಗೇ ಗೊತ್ತು."

ಯಾರೂ ನಗಲಿಲ್ಲ. ಪ್ರೇರಕಿ ಆಗ ಒಂದು ಹಳೆಯ ಸಂಗತಿ ಹೇಳಿದಳು. ಅಕ್ಕಂದಿರೇ, ಇದನ್ನು ನಿಧಾನವಾಗಿ ಓದಿರಿ.

1982ರಲ್ಲಿ ದೆಹಲಿಯಲ್ಲಿ ಏಷ್ಯಾದ ಆಟಗಳು ನಡೆದವು. ಏಷ್ಯಾಡ್ ಎಂದು ಅದರ ಹೆಸರು. ಅದಕ್ಕಾಗಿ ಕ್ರೀಡಾಂಗಣ, ಮೇಲ್ಸೇತುವೆ, ಹೋಟೆಲು ಎಲ್ಲಾ ಅವಸರದಲ್ಲಿ ಕಟ್ಟಿದರು. ಕಟ್ಟಲು ಬೇರೆ ಬೇರೆ ರಾಜ್ಯಗಳ ಹಳ್ಳಿಗಳಿಂದ ಜನ ಬಂದರು. ಅವರನ್ನು ಕರೆತಂದವರು ಜಮಾದಾರರು. ಅಂದರೆ ನಮ್ಮ ಕಡೆಯ ಮೇಸ್ತ್ರಿಗಳ ಹಾಗೆ. ಕೂಲಿ ಹಣ ಅವರ ಕೈಯಿಂದಲೇ ಹಾದು ಬರುತ್ತಿತ್ತು.

ಆಗ ಸರಕಾರ ಗೊತ್ತು ಮಾಡಿದ್ದ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಜಮಾದಾರರು ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಹೆಂಗಸರಿಗೆ ಕೊಡುತ್ತಿದ್ದುದು 7 ರೂಪಾಯಿ ಮಾತ್ರ. ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಕೊಡಬೇಕೆಂಬ ಕಾನೂನು 1976ರಲ್ಲೇ ಬಂದಿತ್ತು. ಕಾನೂನು ಪುಸ್ತಕದಲ್ಲಿತ್ತು, ಕೂಲಿ ಜಮಾದಾರನ ಕಿಸೆಯಲ್ಲಿತ್ತು.

ಪ್ರೇರಕಿ ಕರಿಹಲಗೆಯ ಮೇಲೆ ಲೆಕ್ಕ ಬರೆದಳು. ಗುಳೆ ಹೋಗಿ ಬಂದಾಕೆಯೇ ಎದ್ದು ಬಂದು ಬಿಡಿಸಿದಳು.

9 ರೂ. 25 ಪೈಸೆಯಲ್ಲಿ 7 ರೂ. ಕಳೆದರೆ 2 ರೂ. 25 ಪೈಸೆ.
26 ದಿನಕ್ಕೆ 58 ರೂ. 50 ಪೈಸೆ.

"ಎಂಟು ದಿನದ ಕೂಲಿಗಿಂತ ಹೆಚ್ಚಾತಲ್ಲ!" ಎಂದಳು. ಸೀಮೆಸುಣ್ಣ ಆಕೆಯ ಕೈಯಲ್ಲೇ ಇತ್ತು.

ಮುಂದೇನಾಯಿತು? ಕಾರ್ಮಿಕರ ಪರವಾಗಿ ಒಂದು ಸಂಘಟನೆಯವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿ ಅವರಿಗೆ ಪತ್ರ ಬರೆದರು. ಬರೀ ಒಂದು ಪತ್ರ. ಅದನ್ನೇ ಅರ್ಜಿ ಎಂದು ತೆಗೆದುಕೊಂಡು ಕೋರ್ಟು ವಿಚಾರಣೆ ಮಾಡಿತು. 1982ರ ಸೆಪ್ಟೆಂಬರ್ 18ರಂದು ತೀರ್ಪು ಬಂತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆ. ಅಂದರೆ ಬಿಟ್ಟಿ ಚಾಕರಿ ಮಾಡಿಸಿದಂತೆ. ಸಂವಿಧಾನದ 23ನೇ ವಿಧಿ ಇದನ್ನು ನಿಷೇಧಿಸಿದೆ. ಕೋರ್ಟು ಹೀಗೆ ಹೇಳಿತು. ಗುತ್ತೇದಾರ ಕಾನೂನು ಪಾಲಿಸುತ್ತಾನೋ ಇಲ್ಲವೋ ನೋಡುವ ಹೊಣೆ ಕೆಲಸ ಮಾಡಿಸುವ ಸರಕಾರದ್ದು ಎಂದೂ ಹೇಳಿತು.

ತೀರ್ಪು ಬಂದರೆ ಎಲ್ಲಾ ಸರಿಹೋಗುತ್ತದೆಯೇ? ಇಲ್ಲ. 28 ವರ್ಷದ ಮೇಲೆ ಅದೇ ದೆಹಲಿಯಲ್ಲಿ ಕಾಮನ್‌ವೆಲ್ತ್ ಆಟಕ್ಕೆ ಕಟ್ಟಡ ಕಟ್ಟಿದಾಗ ಕೂಲಿಯ ದೂರು ಮತ್ತೆ ಎದ್ದಿತು. ಆ ಸಲ ದೆಹಲಿ ಹೈಕೋರ್ಟಿಗೆ ಹೋಯಿತು. ಆದರೆ ಹಳೆಯ ತೀರ್ಪು ಇದ್ದುದರಿಂದ ಕೇಳುವವರಿಗೆ ಒಂದು ಹಿಡಿ ಸಿಕ್ಕಿತ್ತು. 1996ರಲ್ಲಿ ಕಟ್ಟಡ ಕಾರ್ಮಿಕರಿಗೆಂದೇ ಕಾನೂನು ಬಂದಿತು. ಈಗ ನಮ್ಮ ರಾಜ್ಯದಲ್ಲಿ ಅವರಿಗಾಗಿ ಕಲ್ಯಾಣ ಮಂಡಳಿ ಇದೆ. ಕಟ್ಟಡ ಕೆಲಸ ಮಾಡುವ ಹೆಂಗಸರೂ ಅದರಲ್ಲಿ ಹೆಸರು ಬರೆಸಬಹುದು. ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಬೇಕು. ಅದಕ್ಕೇ ಹಾಜರಿಯನ್ನು ನಾವೂ ಒಂದು ಕಡೆ ಬರೆದಿಟ್ಟುಕೊಳ್ಳಬೇಕು.

"ಈಗ ಹೇಳ್ರಿ," ಎಂದಳು ಪ್ರೇರಕಿ. "ಬೆಂಗಳೂರಿಗೆ ಆಟ ಬರಬೇಕೋ ಬ್ಯಾಡೋ?"

ಖೋಖೋ ಹುಡುಗಿಯ ತಾಯಿ, "ಬರಲಿ. ಆದ್ರ ಕೆರಿ ಮುಚ್ಚಬಾರದು," ಎಂದಳು. ಅಜ್ಜಿ, "ಮೊದಲು ನೀರು, ಆಮ್ಯಾಲೆ ಆಟ," ಎಂದಳು. ಗುಳೆ ಹೋಗಿ ಬಂದಾಕೆ ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ತನ್ನ ಪಾಟಿಯ ಮೇಲೆ ತನ್ನ ಹೆಸರು ಬರೆದಳು. ಅದರ ಮುಂದೆ ಸೋಮವಾರ, ಮಂಗಳವಾರ ಎಂದು ಮನೆ ಹಾಕತೊಡಗಿದಳು.

ನೀವೂ ಮಾಡಿರಿ

1. ಏಳು ಮನೆಗಳ ಒಂದು ಹಾಜರಿ ಪಟ್ಟಿ ಹಾಕಿರಿ. ಕಳೆದ ವಾರ ನೀವು ಕೂಲಿಗೆ ಹೋದ ದಿನಗಳನ್ನು ಗುರುತು ಮಾಡಿರಿ. ಮಾತಾಡಿದ ಕೂಲಿ ಎಷ್ಟು, ಕೈಗೆ ಬಂದದ್ದು ಎಷ್ಟು, ಬರೆಯಿರಿ.

2. ಯಾದಗಿರಿಯಲ್ಲಿ ಒಂದು ದೊಡ್ಡ ಕ್ರೀಡಾಂಗಣ ಕಟ್ಟುತ್ತಾರೆ ಎಂದುಕೊಳ್ಳಿರಿ. ನೀವು ಕೇಳುವ ಮೊದಲ ಪ್ರಶ್ನೆ ಯಾವುದು? ಗುಂಪಿನಲ್ಲಿ ಮಾತಾಡಿ ಬರೆಯಿರಿ.