ಆ ಗಳಿಗೆಯ ಮನಸ್ಸು: ಕೋರ್ಟು ಕೇಳುವುದೇನು?

“ಹತ್ತು ವರ್ಷದಿಂದ ಮಾತ್ರೆ ನುಂಗ್ತಿದಾನೆ ಸಾರ್, ಕೇಸು ನಿಲ್ಲಲ್ಲ ಅಲ್ವಾ?” ಮಗ ಕೊಲೆ ಆರೋಪದಲ್ಲಿ ಜೈಲು ಸೇರಿದಾಗ ಹೆತ್ತವರು ವಕೀಲರನ್ನು ಕೇಳುವ ಮೊದಲ ಮಾತು ಇದು. ಮಾನಸಿಕ ಕಾಯಿಲೆಯ ಚೀಟಿಯೊಂದರಿಂದಲೇ ಕೇಸು ಬಿದ್ದುಹೋಗುವುದಿಲ್ಲ.

ಕಾನೂನು ನೋಡುವುದು ಯಾವುದನ್ನು?
ಭಾರತೀಯ ನ್ಯಾಯ ಸಂಹಿತೆಯ ಕಲಂ 22 (2024ರ ಜುಲೈ 1ಕ್ಕೆ ಮುಂಚಿನ ಕೃತ್ಯಗಳಿಗೆ ಐಪಿಸಿ 84) ನೋಡುವುದು ಕೃತ್ಯ ನಡೆದ ಗಳಿಗೆಯನ್ನು. ಚಿತ್ತ ಕೆಟ್ಟಿದ್ದರಿಂದ ತಾನು ಮಾಡುತ್ತಿರುವುದು ಏನೆಂದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದಾಗಲಿ ತಿಳಿಯುವ ಶಕ್ತಿ ಆಗ ಇರದಿದ್ದರೆ ಅದು ಅಪರಾಧವಲ್ಲ. ಬರೀ ಮುಂಗೋಪಕ್ಕೆ, ತಾನಾಗಿ ಕುಡಿದು ಬಂದ ಅಮಲಿಗೆ ಈ ರಕ್ಷಣೆ ಇಲ್ಲ. ಆಯುಧ ಬಚ್ಚಿಟ್ಟು ತಲೆಮರೆಸಿಕೊಂಡಿದ್ದರೆ, ತಿಳಿದೇ ಮಾಡಿದ್ದಾನೆ ಎಂಬ ವಾದಕ್ಕೆ ಬಲ ಬರುತ್ತದೆ.

ರುಜುವಾತು ಯಾರ ಹೊಣೆ?
ಆಗ ಚಿತ್ತ ಕೆಟ್ಟಿತ್ತೆಂದು ತೋರಿಸುವ ಹೊಣೆ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 108ರಂತೆ, ಆರೋಪಿಯದು. ಆದರೆ ಪ್ರಾಸಿಕ್ಯೂಷನ್ ಹೊತ್ತಷ್ಟು ಭಾರ ಅವನಿಗಿಲ್ಲ. ಹಾಗಿದ್ದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಅಷ್ಟು ಆಗದಿದ್ದರೂ, ಅವನ ಸಾಕ್ಷ್ಯದಿಂದ ಅಪರಾಧದ ಉದ್ದೇಶದ ಬಗ್ಗೆ ನ್ಯಾಯವಾದ ಸಂಶಯ ಹುಟ್ಟಿದರೆ ಬಿಡುಗಡೆ ಆಗಬೇಕು ಎಂದು ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ.

ಬಿಡುಗಡೆಯಾದರೆ ನೇರ ಮನೆಗೆ?
ಹಾಗೇನಿಲ್ಲ. ನ್ಯಾಯಾಧೀಶರು ಕಾರಣ ಬರೆದು ತೀರ್ಪು ಕೊಡುತ್ತಾರೆ. ಚಿತ್ತ ಕೆಟ್ಟಿತ್ತೆಂದು ಬಿಡುಗಡೆ ಮಾಡುವಾಗ, ಕೃತ್ಯ ಅವನೇ ಮಾಡಿದನೇ ಎಂಬುದನ್ನೂ ತೀರ್ಪಿನಲ್ಲಿ ಹೇಳಲೇಬೇಕು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕಲಂ 373). ಮಾಡಿದ್ದು ಹೌದಾದರೆ, ಕಲಂ 374ರಂತೆ ಸುರಕ್ಷಿತ ವಶದಲ್ಲಿಡಬಹುದು. ಇಲ್ಲವೇ ಜಾಮೀನು ಭದ್ರತೆ ಪಡೆದು ಬಂಧುಗಳಿಗೆ ಒಪ್ಪಿಸಬಹುದು.

ಮನೆಯವರು ಮಾಡಬೇಕಾದ್ದು
• ಹಳೆಯ ಒಪಿಡಿ ಚೀಟಿ, ಡಿಸ್ಚಾರ್ಜ್ ಪತ್ರ, ಔಷಧಿ ಬಿಲ್ಲುಗಳನ್ನು ತಾರೀಕಿನಂತೆ ಜೋಡಿಸಿಡಿ. ಕೃತ್ಯದ ಹಿಂದುಮುಂದಿನ ದಿನಗಳ ದಾಖಲೆಗೇ ತೂಕ ಹೆಚ್ಚು.
• ಆ ದಿನಗಳಲ್ಲಿ ಅವನ ನಡವಳಿಕೆ ಕಂಡ ನೆರೆಹೊರೆಯವರ ಹೆಸರು ವಕೀಲರಿಗೆ ಕೊಡಿ.
• ಈಗಲೂ ವಿಚಾರಣೆ ಅರ್ಥವಾಗದ ಸ್ಥಿತಿಯಲ್ಲಿದ್ದರೆ ಕೂಡಲೇ ಕೋರ್ಟಿಗೆ ತಿಳಿಸಿ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 367, 368ರಂತೆ ತಜ್ಞರ ತಪಾಸಣೆಗೆ ಅವಕಾಶವಿದೆ. ಆ ಸ್ಥಿತಿ ಖಚಿತವಾದರೆ ವಿಚಾರಣೆ ಮುಂದೂಡಬಹುದು.
• ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.