ಎದೆ ಮೊದಲೋ, ಗಾಳಿ ಮೊದಲೋ

ಚಿರಂಜೀವಿ ಸಂಜಯನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಹಾಸ್ಟೆಲ್ಲಿನ ಊಟ ಒಗ್ಗಿತೇ? ಭಾನುವಾರ ಫೋನಿನಲ್ಲಿ ನಿನ್ನ ದನಿ ಕೊಂಚ ಸೊರಗಿತ್ತು. ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ ಮೂರಕ್ಕೂ ಬೇರೆ ಬೇರೆ ಟ್ಯೂಷನ್, ಮೂರೂ ಬಾಯಿಪಾಠ ಎಂದೆಯಲ್ಲ, ಆ ಮಾತು ಮನಸ್ಸಿನಲ್ಲೇ ಕೂತಿದೆ. ಒಂದು ಉಸಿರಿನಲ್ಲೇ ಆ ಮೂರೂ ಇವೆಯಲ್ಲ!

ನಿನಗೆ ನೆನಪಿದೆಯೋ ಇಲ್ಲವೋ, ಅಜ್ಜಿಯ ಎಲೆಅಡಿಕೆ ತಟ್ಟೆಯಿಂದ ಸುಣ್ಣ ಕದ್ದು, ನೀರಿಗೆ ಕದಡಿ, ಮೇಲೆ ನಿಂತ ತಿಳಿಯನ್ನು ಲೋಟಕ್ಕೆ ಬಸಿದು ಕೊಟ್ಟಿದ್ದೆ. ಪರಂಗಿ ದಂಟಿನಿಂದ ನೀನು ಅದಕ್ಕೆ ಊದಿದೆ. (ಸುಣ್ಣದ ನೀರು ಗಂಟಲು ಸುಡುತ್ತದೆ, ಎಲ್ಲಿ ಹೀರಿಬಿಡುತ್ತೀಯೋ ಎಂದು ಪಕ್ಕದಲ್ಲೇ ಕೂತಿದ್ದೆ.) ತಿಳಿನೀರು ಬೆಳ್ಳಗಾಯಿತು. ನಿನ್ನ ಉಸಿರಿನ ಕಾರ್ಬನ್ ಡೈಆಕ್ಸೈಡು ಸುಣ್ಣದೊಡನೆ ಸೇರಿ, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿತ್ತು. ನೀನು ಹಠಕ್ಕೆ ಬಿದ್ದು ಊದುತ್ತಲೇ ಹೋದೆ, ಅದು ಬೈಕಾರ್ಬೊನೇಟಾಗಿ ಕರಗಿ ನೀರು ಮತ್ತೆ ತಿಳಿಯಾಯಿತು. ಅಜ್ಜಿ ಮಾತ್ರ "ಹೋಯ್ತಲ್ಲೋ ನನ್ನ ಸುಣ್ಣ" ಎಂದು ಗೊಣಗುತ್ತಲೇ ಇದ್ದಳು. ಸೈಕಲ್ ಪಂಪಿನಿಂದ ಬರೀ ಗಾಳಿ ಹಾಯಿಸಿದ್ದರೆ ಬಹಳ ಹೊತ್ತು ಕಾಯಬೇಕಿತ್ತು. ಹೊರಗಿನ ಗಾಳಿಯಲ್ಲಿ ಆ ಅನಿಲ ಶೇಕಡಾ 0.04ರಷ್ಟು, ನಾವು ಬಿಡುವ ಉಸಿರಿನಲ್ಲಿ ಸುಮಾರು 4.

ಆ ಉಸಿರು ಒಳಗೆ ಬಂದದ್ದು ಹೇಗೆ? ಗಾಳಿ ನುಗ್ಗಿ ಎದೆ ಉಬ್ಬುತ್ತದೆ ಎಂದೇ ನಾನು ಕಾಲೇಜು ಮುಗಿಸುವವರೆಗೂ ನಂಬಿದ್ದೆ. ನಡೆಯುವುದು ತಿರುವುಮುರುವು. ಶ್ವಾಸಕೋಶಕ್ಕೆ ತಾನೇ ಹಿಗ್ಗಿಕೊಳ್ಳುವ ಸ್ನಾಯುವಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ವಪೆ ಕುಗ್ಗಿ ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ, ಎದೆಗೂಡಿನ ಜಾಗ ಹೆಚ್ಚುತ್ತದೆ. ಜಾಗ ಹೆಚ್ಚಿದರೆ ಒಳಗಿನ ಒತ್ತಡ ಇಳಿಯುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ ಇದೇ. ನಿನ್ನ ನೋಟ್ಸಿನಲ್ಲಿ ಇನ್ನಾವುದೋ ಪುಟದಲ್ಲಿ ಒಂಟಿಯಾಗಿ ಕೂತಿರಬೇಕು. ಕುಲುಮೆಯ ತಿದಿಯನ್ನು ಹಿಗ್ಗಿಸಿದ ಮೇಲೆ ತಾನೇ ಅದರೊಳಕ್ಕೆ ಗಾಳಿ ಬರುವುದು! ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 760 ಮಿಲಿಮೀಟರ್ ಪಾದರಸ. ಸುಮ್ಮನೆ ಕೂತಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದೇ ಒಂದು ಮಿಲಿಮೀಟರಿನಷ್ಟು ಇಳಿದರೂ ಸಾಕು, ಅರ್ಧ ಲೀಟರು ಗಾಳಿ ಒಳಗೆ.

ನಾನು ಹೇಳಬೇಕೆಂದಿರುವುದು ಇಷ್ಟೇ ಮಗೂ. ಯಾವ ವ್ಯಾಖ್ಯೆ ಓದಿದರೂ ಮೊದಲು ಆದದ್ದು ಯಾವುದು, ಅದರಿಂದ ಆದದ್ದು ಯಾವುದು ಎಂದು ಕೇಳಿಕೋ. ಉತ್ತರ ಹುಡುಕುತ್ತಾ ಹೋದರೆ ಒಂದು ಪುಸ್ತಕದಿಂದ ಇನ್ನೊಂದಕ್ಕೆ ನೀನೇ ದಾಟಿರುತ್ತೀಯ.

ಈಜಲು ಹೋಗುತ್ತಿದ್ದೀಯೆಂದು ನಿನ್ನಪ್ಪ ಹೇಳಿದ. ಅಂದಿನಿಂದ ನನಗೆ ದಿಗಿಲು. ಉಸಿರು ಕಟ್ಟಿ ಹಿಡಿದಾಗ ಆಗುವ ಚಡಪಡಿಕೆ ಆಮ್ಲಜನಕ ಸಾಲದ್ದರಿಂದ ಅಂದುಕೊಂಡಿರುತ್ತೀಯ. ಅದು ಬಹುಮಟ್ಟಿಗೆ ಸುಣ್ಣದ ನೀರನ್ನು ಬೆಳ್ಳಗಾಗಿಸಿದ ಅನಿಲದ್ದೇ ಕೆಲಸ. ರಕ್ತದಲ್ಲಿ ಅದು ಹೆಚ್ಚಿದಂತೆ ಕಾರ್ಬಾನಿಕ್ ಆಮ್ಲ ಹೆಚ್ಚುತ್ತದೆ, ಮೆದುಳಿನ ಬುಡದ ಮೆಡುಲ್ಲಾ ಅದನ್ನು ಗ್ರಹಿಸಿ ಉಸಿರಾಡೆಂದು ಪೀಡಿಸುತ್ತದೆ. ಪಂದ್ಯ ಕಟ್ಟಿ, ಮುಳುಗುವ ಮುಂಚೆ ಜೋರಾಗಿ ಬೇಗಬೇಗ ಉಸಿರಾಡಿದರೆ ಆ ಅನಿಲ ತಗ್ಗಿಬಿಡುತ್ತದೆ. ಆಮೇಲೆ ಚಡಪಡಿಕೆ ಶುರುವಾಗುವ ಮೊದಲೇ ಆಮ್ಲಜನಕ ಇಳಿದು, ನೀರಿನೊಳಗೇ ಪ್ರಜ್ಞೆ ತಪ್ಪಬಹುದು. ನುರಿತ ಈಜುಗಾರರೇ ಹೀಗೆ ಜೀವ ಕಳೆದುಕೊಂಡಿದ್ದಾರೆ. ಗೆಳೆಯರು ಎಷ್ಟೇ ಛೇಡಿಸಲಿ, ಆ ಆಟಕ್ಕೆ ಹೋಗಬೇಡ. ಹೋಗುವುದಿಲ್ಲವೆಂದು ಒಂದು ಸಾಲು ಬರೆದು ಹಾಕು, ದೊಡ್ಡಮ್ಮನೂ ಕಾಯುತ್ತಿದ್ದಾಳೆ.

ಇತಿ ನಿನ್ನ,
ದೊಡ್ಡಪ್ಪ